ವೇಷವಿಲ್ಲದ ವಾಲಿ

ದನಿಯೊಂದರಿಂದಲೇ ಪಾತ್ರ ಕಟ್ಟುವ ಕಲೆ ನಮ್ಮಲ್ಲಿ ರೇಡಿಯೊ ಜೊತೆ ಬಂತೆಂದು ಹೇಳುವುದು ರೂಢಿ. 1935ರಲ್ಲಿ ಎಂ.ವಿ. ಗೋಪಾಲಸ್ವಾಮಿಯವರು ಮೈಸೂರಿನ ತಮ್ಮ ಮನೆಯಲ್ಲಿ ಬಾನುಲಿ ಕೇಂದ್ರ ತೆರೆಯುವ ಎಷ್ಟೋ ಮೊದಲೇ ಕರಾವಳಿ, ಮಲೆನಾಡಿನ ಚಾವಡಿಗಳಲ್ಲಿ ತಾಳಮದ್ದಳೆ ಆ ಕೆಲಸ ಮಾಡುತ್ತಿತ್ತು. ಮೇ ಕೊನೆಯ ಪತ್ತನಾಜೆಗೆ ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚಿದ ಮೇಲೆ ಮಳೆಗಾಲವೇ ಇದರ ಹಂಗಾಮು. ಬಣ್ಣ, ಕಿರೀಟ, ಕುಣಿತ ಯಾವುದೂ ಇಲ್ಲ. ಭಾಗವತರು ಪದ ಹಾಡಿ ನಿಲ್ಲಿಸಿದೊಡನೆ, ಶಾಲು ಹೊದ್ದು ಎದುರುಬದುರು ಕೂತ ಅರ್ಥಧಾರಿಗಳು ಅದಕ್ಕೆ ಆಗಿಂದಾಗಲೇ ಅರ್ಥ ಹೇಳುತ್ತಾರೆ; ಬರೆದಿಟ್ಟ ಸಂಭಾಷಣೆ ಇಲ್ಲ. ಧ್ವನಿನಟನೆ ಕಲಿಯಹೊರಟವರಿಗೆ ಗಂಟಲಿಗಿಂತ ಮೊದಲು ಕಿವಿ ಪಳಗಬೇಕೆನ್ನಲು ಈ ಪರಂಪರೆಗಿಂತ ಗಟ್ಟಿ ಪುರಾವೆ ನನಗೆ ಕಾಣದು.

ಹೊಸಬನಿಗೆ ಇಲ್ಲಿ ವಾಲಿಯೋ ಕರ್ಣನೋ ಸಿಗುವುದಿಲ್ಲ. ದೂತನದೋ ಸಖಿಯದೋ ನಾಲ್ಕು ಮಾತು ಸಿಕ್ಕೀತು. ಉಳಿದ ಹೊತ್ತೆಲ್ಲ ಕೂತು ಕೇಳುವುದೇ ಪಾಠ: ಮಾತು ಶ್ರುತಿಗೆ ಹೇಗೆ ಹೊಂದುತ್ತದೆ, ಪೀಠಿಕೆ ಎಲ್ಲಿ ಮುಗಿಯಬೇಕು, ಎದುರಾಳಿಯ ಯಾವ ಮಾತನ್ನು ಹಿಡಿದು ಉತ್ತರ ಕೊಡಬೇಕು. ವಾಲಿಯ ಹೆಂಡತಿ ತಾರೆಯ ಅರ್ಥ ಹೇಳುವ ಗಂಡಸು ಸಾಮಾನ್ಯವಾಗಿ ದನಿಯನ್ನು ಕೀರಲು ಮಾಡಿಕೊಳ್ಳುವುದಿಲ್ಲ. ಮಾತಿನ ಓಟ ತಗ್ಗಿಸಿ, ಪದ ಆಯ್ದು, ಸ್ವಂತ ದನಿಯಲ್ಲೇ ಅವಳ ಅಳಲನ್ನು ತರುತ್ತಾನೆ. ವಾಲಿ ಇನ್ನೂ ಕಷ್ಟ. ಬಾಣ ನಾಟಿದೆ, ಉಸಿರು ಕುಂದುತ್ತಿದೆ, ಆದರೂ ಮರೆಯಿಂದ ಹೊಡೆದ ರಾಮನನ್ನು ತರ್ಕದಲ್ಲಿ ಕಟ್ಟಿಹಾಕಬೇಕು. ನರಳಾಟ ಹೆಚ್ಚಿದರೆ ತರ್ಕ ಮುಳುಗುತ್ತದೆ. ತರ್ಕವೇ ಮೆರೆದರೆ ಇವನು ಸಾಯುತ್ತಿದ್ದಾನೆಂದು ಯಾರೂ ನಂಬರು. ಈ ಪಾತ್ರಕ್ಕೆ ಹೆಸರಾದ ಶೇಣಿ ಗೋಪಾಲಕೃಷ್ಣ ಭಟ್ಟರು (1918–2006) ಹರಿಕಥೆಯನ್ನೂ ಮಾಡಿದವರು. ಒಬ್ಬರೇ ಹತ್ತು ಮಂದಿಯಾಗಿ ಮಾತಾಡುವ ಆ ಪಳಗಿಕೆ ಇಲ್ಲಿ ಒದಗಿರಲೇಬೇಕು.

ಇದು ವಾಗ್ವಾದ, ನಟನೆಯಲ್ಲ ಎನ್ನುವವರಿದ್ದಾರೆ. ಕೂಟ ಎಷ್ಟೋ ಸಲ ಶಾಸ್ತ್ರಚರ್ಚೆಯಾಗಿ ಪಾತ್ರ ಕಳೆದುಹೋಗುವುದು ನಿಜ. ಆದರೆ ಬಲ್ಲ ಕೇಳುಗರು ಅದನ್ನು ದೋಷವೆಂದೇ ಎಣಿಸುತ್ತಾರೆ. ಚಾವಡಿಯ ದನಿ ಮೈಕಿಗೆ ಒಗ್ಗದೆಂಬ ಆಕ್ಷೇಪ ಇದಕ್ಕಿಂತ ಬಲವಾದದ್ದು. ಹಾಗಿದ್ದರೂ ಮಂಗಳೂರು ಆಕಾಶವಾಣಿ ತಾಳಮದ್ದಳೆಯನ್ನು ಪ್ರಸಾರ ಮಾಡಿದಾಗ ಹೆಚ್ಚು ಬದಲಾದದ್ದು ಅವಧಿ: ರಾತ್ರಿಯಿಡೀ ಹರಡುತ್ತಿದ್ದ ಪ್ರಸಂಗ ಗಡಿಯಾರದ ಲೆಕ್ಕಕ್ಕೆ ಇಳಿಯಿತು. ಮುಂದೆ ಕ್ಯಾಸೆಟ್ಟು ಬಂದು, ಹೆಸರಾಂತ ಅರ್ಥಧಾರಿಗಳ ದನಿಯನ್ನು ಮನೆಯಲ್ಲೇ ಕೇಳಿ ನಕಲು ಮಾಡುವುದು ಸಲೀಸಾಯಿತು. ಪೀಠಿಕೆ ಮುಗಿಯುವ ತನಕ ಆ ನಕಲಿಗೆ ತೊಂದರೆಯಿಲ್ಲ. ಆಮೇಲೆ ಎದುರಿಗೆ ಕೂತ ರಾಮ ಕ್ಯಾಸೆಟ್ಟಿನಲ್ಲಿಲ್ಲದ ಪ್ರಶ್ನೆಯೊಂದನ್ನು ಕೇಳುತ್ತಾನೆ.