ಎಮ್ಯುಲೇಟರ್

ಎಮ್ಯುಲೇಟರ್: ಸಿದ್ದಾಪುರದ ಕಡೆಯ ಹುಡುಗರೂ ಬಳಸುವ ಈ ಶಬ್ದವು, ಸರಿಗಟ್ಟಲು ಸ್ಪರ್ಧಿಸುವುದೆಂಬ ಅರ್ಥದ ಲ್ಯಾಟಿನ್ ‘ಎಮುಲಾರಿ’ಯಿಂದ ಇಂಗ್ಲಿಷಿಗೆ ಬಂದುದು. ಮಾತ್ಸರ್ಯವನ್ನೂ ಧ್ವನಿಸುತ್ತಿದ್ದ ಇದನ್ನು 1960ರ ದಶಕದಲ್ಲಿ ಐಬಿಎಂ, ಹಳೆಯ ಗಣಕದ ಕಾರ್ಯಕ್ರಮಗಳನ್ನು ಹೊಸ ಸಿಸ್ಟಂ/360ರಲ್ಲಿ ನಡೆಯಿಸುವ ಸಾಧನಕ್ಕಿಟ್ಟಿತು. ಇಂದು ವಿನ್‌ಲೇಟರ್ ಎಂಬ ಆ್ಯಪ್ ಡೆಸ್ಕ್‌ಟಾಪಿನ ಆಟವನ್ನು ಆಂಡ್ರಾಯ್ಡ್ ಫೋನಿನಲ್ಲಿ ಓಡಿಸುವಾಗ, ಅದರೊಳಗಣ ಬಾಕ್ಸ್64 ಇಂಟೆಲ್ ಮಾದರಿಯ ಆದೇಶಗಳನ್ನು ಫೋನಿನ ಚಿಪ್ಪಿಗೆ ತಿಳಿಯುವಂತೆ ಮಾರ್ಪಡಿಸಿದರೆ, ವಿಂಡೋಸಿನ ಕರೆಗಳಿಗೆ ವೈನ್ ಎಂಬ ಇನ್ನೊಂದು ಭಾಗ ತಾನೇ ಓಗೊಡುತ್ತದೆ. ಫೋನು ಬಿಸಿಯಾಗುವುದಕ್ಕೆ ಈ ದುಡಿಮೆಯೂ ಕಾರಣ. (ವೈನ್ ಮಾತ್ರ ತಾನು ಎಮ್ಯುಲೇಟರ್ ಅಲ್ಲವೆಂದು ಹೆಸರಿನಲ್ಲಿಯೇ ಸಾರಿಕೊಂಡಿತ್ತು!)

ಎಮ್ಯುಲೇಟರಿಗೆ ಕನ್ನಡದಲ್ಲಿ ಸಾಟಿಯ ಪದ ಹುಡುಕಿದರೆ, ‘ಅಣಕ’ದಲ್ಲಿ ಪರಿಹಾಸದ ವಾಸನೆಯುಂಟು, ‘ಅನುಕಾರಿ’ಯೇ ಮೇಲು. ಅದರ ‘ಕೃ’ ಧಾತುವು ಸಿದ್ದಾಪುರದ ನೆರೆಯ ಬ್ರಹ್ಮಗಿರಿಯ ಅಶೋಕ ಶಾಸನದ ‘ಲಿಪಿಕರ’ನಲ್ಲಿಯೂ ಇದೆ, ಚಪಡನೆಂಬ ಆತನು, ಬ್ರಾಹ್ಮಿಯಲ್ಲಿ ಬರೆದ ಶಾಸನದ ಕೊನೆಗೆ ಆ ಪದವೊಂದನ್ನು ಖರೋಷ್ಠಿಯಲ್ಲಿ ಬರೆದಿರುವನು.