ಹಿರಿಯ ಮಗನ ಕಸುಬು

ಜರ್ಮನಿಯ ಹಾರ್ಟ್ಸ್ ಪರ್ವತಗಳ ಸಮೀಪದ ಝೇಸನ್ ಎಂಬ ಸಣ್ಣ ಊರಿನಲ್ಲಿ ಮರಗೆಲಸದಿಂದ ಪಿಯಾನೊ ನಿರ್ಮಾಣಕ್ಕೆ ಏರಿದ ಹೈನ್‌ರಿಷ್ ಸ್ಟೈನ್‌ವೆಗ್, 1850ರಲ್ಲಿ ಸಂಸಾರಸಮೇತನಾಗಿ ನ್ಯೂಯಾರ್ಕಿಗೆ ಹೊರಟಾಗ, ಕಸುಬಿನ ಮರ್ಮವನ್ನೆಲ್ಲ ಅರಿತಿದ್ದ ಹಿರಿಯ ಮಗ ಥಿಯೋಡೋರನು ಮಾತ್ರ ಸ್ವದೇಶದಲ್ಲಿಯೇ ಉಳಿದನು. ಹೋದವರು ಮೊದಲು ಅನ್ಯರ ಕಾರ್ಖಾನೆಗಳಲ್ಲಿ ದುಡಿದು, 1853ರಲ್ಲಿ ‘ಸ್ಟೈನ್‌ವೇ ಅಂಡ್ ಸನ್ಸ್’ ಎಂಬ ಸ್ವಂತ ಸಂಸ್ಥೆಯನ್ನು ಸ್ಥಾಪಿಸಿದರು. ಉಳಿದವನು ಬ್ರೌನ್‌ಷ್ವೈಗ್ ನಗರದಲ್ಲಿ ತನ್ನ ಕಾರ್ಯಾಗಾರವನ್ನು ನಡೆಸುತ್ತ, ತಮ್ಮ ಹೆನ್ರಿಯೊಡನೆ ವಾದ್ಯರಚನೆಯ ಸೂಕ್ಷ್ಮಗಳನ್ನು ಪತ್ರಮುಖೇನ ಚರ್ಚಿಸುತ್ತಿದ್ದನು.

1865ರಲ್ಲಿ ಹೆನ್ರಿ ಮತ್ತು ಚಾರ್ಲ್ಸ್ ಎಂಬ ಇಬ್ಬರು ತಮ್ಮಂದಿರು ಕಾಲವಶರಾದರು. ಮನೆತನದ ಕರೆಗೆ ಓಗೊಟ್ಟು, ಕಾರ್ಯಾಗಾರವನ್ನು ಗ್ರೋಟ್ರಿಯನ್ ಎಂಬವನೇ ಮೊದಲಾದವರಿಗೆ ಮಾರಿ, ಥಿಯೋಡೋರನು ನಾಲ್ವತ್ತರ ಅಂಚಿನಲ್ಲಿ ಸಮುದ್ರವನ್ನು ದಾಟಿದನು. ನ್ಯೂಯಾರ್ಕ್ ಅವನಿಗೆ ಕೊನೆಯವರೆಗೂ ಒಗ್ಗಲಿಲ್ಲ. ಆದರೆ ಅವನ ಜೀವಿತದ ಶ್ರೇಷ್ಠ ಕಾರ್ಯವೆಲ್ಲ ಆ ಒಗ್ಗದ ಊರಿಗೆಂದೇ ನಡೆದದ್ದು ವಿಧಿಯ ವಿನೋದವೆನ್ನಬೇಕು.

ಕೈಯ ಅಭ್ಯಾಸವೊಂದನ್ನೇ ನೆಚ್ಚದೆ, ನಾದವಿಜ್ಞಾನದ ಆಚಾರ್ಯನಾದ ಹೆಲ್ಮ್‌ಹೋಲ್ಟ್ಸನ ಸಂಶೋಧನೆಗಳನ್ನು ಪರಿಶೀಲಿಸಿದ ಅವನು, ಅದುವರೆಗೆ ಮೂಕವಾಗಿದ್ದ ತಂತಿಯ ಕೊನೆಯ ಭಾಗಗಳನ್ನೂ ತಕ್ಕ ಪ್ರಮಾಣದಲ್ಲಿ ಅಳವಡಿಸಿ, ನುಡಿಯುವ ಭಾಗದೊಡನೆ ಅವೂ ಅನುರಣಿಸುವಂತೆ ಮಾಡಿ, 1872ರಲ್ಲಿ ಅದಕ್ಕೆ ಪೇಟೆಂಟ್ ಪಡೆದನು. ಸಿತಾರಿನ ತರಬ್ ತಂತಿಗಳನ್ನು ಕೇಳಿ ಬಲ್ಲ ನಮ್ಮ ರಸಿಕರಿಗೆ ಇದರ ಸೊಗಸನ್ನು ವಿವರಿಸಬೇಕಾದುದಿಲ್ಲ. ಇದಕ್ಕಿಂತ ಗಹನವಾದುದು 1880ರ ಪೇಟೆಂಟ್. ತೆಳುವಾದ ಮರದ ಪದರಗಳನ್ನು ಅಂಟಿನಿಂದ ಬೆಸೆದು, ಒತ್ತುಯಂತ್ರದಲ್ಲಿ ಒಂದೇ ಸಲಕ್ಕೆ ಬಾಗಿಸಿ, ಗ್ರ್ಯಾಂಡ್ ಪಿಯಾನೊದ ಒಡಲಿನ ಸುತ್ತುಗೋಡೆಯನ್ನು ರೂಪಿಸುವ ಆ ವಿಧಾನವು, ತುಂಡುಗಳನ್ನು ಜೋಡಿಸುತ್ತಿದ್ದ ಹಳೆಯ ಕ್ರಮವನ್ನು ಹಿಂದಿಕ್ಕಿತು. ಇಂದಿಗೂ ಆ ಕಾರ್ಖಾನೆಯಲ್ಲಿ ಒಡಲು ಹುಟ್ಟುವುದು ಹೀಗೆಯೇ.

ವ್ಯಾಪಾರ, ಸಂಗೀತ ಕಛೇರಿಗಳ ಸಭಾಂಗಣ, ಪ್ರಚಾರ—ಇವೆಲ್ಲ ವಿಲಿಯಂ ಎಂಬ ತಮ್ಮನ ಪಾಲಿನವು. ಲೋಕವು ಅವನನ್ನು ಹೆಚ್ಚು ಕೊಂಡಾಡಿತು. ನನ್ನ ಎಣಿಕೆಯಲ್ಲಿ, ಮಾರುವುದಕ್ಕೆ ಅಷ್ಟು ಯೋಗ್ಯವಾದ ವಸ್ತು ಇಲ್ಲದಿದ್ದರೆ ಆ ಜಾಣ್ಮೆಗೆ ಅಷ್ಟು ಫಲ ದೊರೆಯುತ್ತಿರಲಿಲ್ಲ. 1880ರಲ್ಲಿ ಸೋದರರು ಹ್ಯಾಂಬರ್ಗಿನಲ್ಲಿಯೂ ಕಾರ್ಖಾನೆಯನ್ನು ತೆರೆದು ಯೂರೋಪಿನ ವ್ಯಾಪಾರಕ್ಕೆ ನೆಲೆ ಮಾಡಿಕೊಂಡರು. ಥಿಯೋಡೋರನಾದರೋ ತನ್ನ ಪ್ರೀತಿಯ ಬ್ರೌನ್‌ಷ್ವೈಗಿಗೆ ಮರಳಿ, 1889ರಲ್ಲಿ ಅಲ್ಲಿಯೇ ನಿಧನನಾದನು. ಅವನು ಕೂಡಿಹಾಕಿದ್ದ ಪ್ರಾಚೀನ ವಾದ್ಯಗಳ ಸಂಗ್ರಹವು ಆ ನಗರದ ವಸ್ತುಸಂಗ್ರಹಾಲಯಕ್ಕೆ ಸಂದಿತು.