ಬೆಣ್ಣೆ ಚಾವಡಿಯಿಂದ ಬೇಬಿ ಬೆಟ್ಟದವರೆಗೆ

ಮಂಡ್ಯ ಜಿಲ್ಲೆ ಅಂದರೆ ಕಬ್ಬು, ಭತ್ತ, ಬೆಲ್ಲ ಅಂತಲೇ ಎಲ್ಲರ ಲೆಕ್ಕ. ಅಲ್ಲೆಲ್ಲಿ ಕಾಡು ಅಂತೀರಾ? ಇದೆ ಸ್ವಾಮಿ! ಶ್ರೀರಂಗಪಟ್ಟಣದಲ್ಲಿ 1940ರಲ್ಲಿ ಆದ ರಂಗನತಿಟ್ಟು ಪಕ್ಷಿಧಾಮ, ಪಾಂಡವಪುರ-ಕೆ.ಆರ್.ಪೇಟೆ ಕಡೆ 1974ರಲ್ಲಿ ತೋಳಗಳಿಗಾಗಿ ಆದ ಮೇಲುಕೋಟೆ ವನ್ಯಧಾಮ, ನಾಗಮಂಗಲದಲ್ಲಿ 1981ರ ಆದಿಚುಂಚನಗಿರಿ ನವಿಲುಧಾಮ. ಆದರೆ ಎಲ್ಲವೂ ಬಿಡಿ ಬಿಡಿ. ರಂಗನತಿಟ್ಟಾಗಲಿ ಆದಿಚುಂಚನಗಿರಿಯಾಗಲಿ ಒಂದು ಚದರ ಕಿ.ಮೀ. ಕೂಡ ಇಲ್ಲ. ಸುಮಾರು 50 ಚದರ ಕಿ.ಮೀ.ನ ಮೇಲುಕೋಟೆಯೂ ಮುಡಿಬೆಟ್ಟ, ನಾರಾಯಣದುರ್ಗ ಅಂತ ಎರಡು ತುಂಡು.

ಹಿಂದಿನವರು ನೆಲವನ್ನು ಹೀಗೆ ಬಿಡಿಯಾಗಿ ನೋಡಲಿಲ್ಲ. ಶ್ರೀರಂಗಪಟ್ಟಣ ರಾಜಧಾನಿಯಾಗಿದ್ದಾಗ ಚಿಕ್ಕದೇವರಾಜ ಒಡೆಯರು (1673-1704) ಅರಮನೆಯ ದನಗಳಿಗೆ 'ಬೆಣ್ಣೆ ಚಾವಡಿ' ಎಂಬ ಇಲಾಖೆ ಮಾಡಿ, ರಾಜ್ಯದ ಉದ್ದಗಲಕ್ಕೂ ಕಾವಲುಗಳನ್ನು ಬಿಡಿಸಿದರು. ಹೈದರ್ ಅದನ್ನು ಬೆಳೆಸಿದ, ಟಿಪ್ಪು 'ಅಮೃತಮಹಲ್' ಎಂದು ಹೆಸರಿಟ್ಟ. ಫಿರಂಗಿ ಎಳೆಯುವ ಎತ್ತುಗಳು ಇಲ್ಲಿಂದಲೇ ಬರಬೇಕಿತ್ತಲ್ಲ! ನನಗೆ ಇಷ್ಟವಾಗುವುದು ಅವರ ವಿಂಗಡಣೆ: ಮಳೆಗಾಲದ ಕಾವಲು, ಚಳಿಗಾಲದ ಕಾವಲು, ಬೇಸಿಗೆ ಕಾವಲು. ಬೇಸಿಗೆಯವು ಹೆಚ್ಚಾಗಿ ಹಸಿ ಹುಲ್ಲು ಚಿಗುರುವ, ಮರದ ನೆರಳಿರುವ ಕೆರೆಯಂಗಳಗಳು. ದನ ಒಂದರಿಂದ ಇನ್ನೊಂದಕ್ಕೆ ಸಾಗುತ್ತಿತ್ತು. ನಡುವಿನ ಒಂದು ಕಾವಲು ಕೈಬಿಟ್ಟರೆ ಉಳಿದವೂ ಅಷ್ಟಕ್ಕಷ್ಟೇ.

ಇಂದಿನ ವಿಜ್ಞಾನಿಗಳು ಹೇಳುವ 'ಜಾಲ ವಿಶ್ಲೇಷಣೆ'ಯೂ ಹೆಚ್ಚುಕಡಿಮೆ ಇದೇ. 1736ರಲ್ಲಿ ಆಯ್ಲರ್ ಎಂಬ ಗಣಿತಜ್ಞ ಏಳು ಸೇತುವೆಗಳ ಒಗಟು ಬಿಡಿಸುತ್ತ ಶುರುಮಾಡಿದ ಲೆಕ್ಕ ಅದು. 2001ರಲ್ಲಿ ಅರ್ಬನ್ ಮತ್ತು ಕೀಟ್ ಎಂಬಿಬ್ಬರು ಅದನ್ನು ಕಾಡಿನ ತುಂಡುಗಳಿಗೆ ಹೇಗೆ ಹಚ್ಚಬಹುದೆಂದು ವಿವರಿಸಿದರು. ಪ್ರತಿ ತುಂಡೂ ಒಂದು ಗಂಟು. ಪ್ರಾಣಿ ನಡೆದು ಹೋಗುವಷ್ಟು ಹತ್ತಿರವಿದ್ದರೆ ಎರಡು ಗಂಟುಗಳ ನಡುವೆ ಒಂದು ಎಳೆ. ಆಮೇಲೆ ಒಂದೊಂದೇ ಗಂಟನ್ನು ಅಳಿಸಿ ನೋಡುವುದು. ಯಾವುದನ್ನು ತೆಗೆದರೆ ಜಾಲ ಹರಿದು ಎರಡಾಗುತ್ತದೋ ಅದನ್ನು ಮುಟ್ಟಬಾರದ ವಲಯವೆಂದು ಗುರುತಿಸಬೇಕು. ನೆಡುತೋಪು, ಸೌದೆ, ದನ ಮೇಯಿಸುವುದು, ಇವೆಲ್ಲ ಬೇರೆ ಕಡೆ. ತೋಳಕ್ಕೂ ನವಿಲಿಗೂ ನಡಿಗೆ ಬೇರೆ, ಹಾಗಾಗಿ ನಕ್ಷೆಯೂ ಬೇರೆ.

ಇಲ್ಲಿ ಗಾತ್ರ ಮುಖ್ಯವಲ್ಲ, ಜಾಗ ಮುಖ್ಯ. ಸಣ್ಣ ಗುಡ್ಡ, ಗೋಮಾಳ, ಗುಂಡುತೋಪಿಗೂ ಬೆಲೆ ಬರುತ್ತದೆ. ಕಾಗದದಲ್ಲಿ ಮಾತ್ರ ಅವು 'ಖಾಲಿ ಜಾಗ'!

ಪಾಂಡವಪುರ ತಾಲ್ಲೂಕಿನ ಬೇಬಿ ಬೆಟ್ಟವನ್ನೇ ನೋಡಿ. ಅದೂ ಅಮೃತಮಹಲ್ ಕಾವಲೇ. ಅಲ್ಲಿನ ಕಲ್ಲು ಗಣಿಗಾರಿಕೆಯಿಂದ ಕನ್ನಂಬಾಡಿ ಕಟ್ಟೆಗೆ ಅಪಾಯವೆಂದು ವರ್ಷಗಟ್ಟಲೆ ಜಗಳ ನಡೆಯಿತು. 2024ರ ಜನವರಿಯಲ್ಲಿ ಹೈಕೋರ್ಟು ಕಟ್ಟೆಯ ಸುತ್ತ 20 ಕಿ.ಮೀ.ವರೆಗೆ ಗಣಿಗಾರಿಕೆಗೆ ತಡೆ ಹಾಕಿತು. ಕಟ್ಟೆ ಉಳಿಯಲೇಬೇಕು, ಎರಡು ಮಾತಿಲ್ಲ. ಆದರೆ ಬೆಟ್ಟಕ್ಕೆ ಅದರದ್ದೇ ಬೆಲೆ ಇಲ್ಲವೇ? ಈ ನಾಲ್ಕು ತಾಲ್ಲೂಕಿನ ಜಾಲದಲ್ಲಿ ಅದು ಯಾವ ಗಂಟು ಎಂದು ಲೆಕ್ಕ ಹಾಕಿಯೇ ವಲಯ ಗುರುತಿಸಬೇಕು ಅನ್ನುವುದು ನನ್ನ ವಾದ.

ನಿಮ್ಮೂರಿನ ಕಡೆ 'ಕಾವಲು' ಎಂದು ಕೊನೆಯಾಗುವ ಹೆಸರಿನ ಜಾಗಗಳಿವೆಯೇ? ಈಗ ಅಲ್ಲಿ ಏನಿದೆ? ಗೊತ್ತಿದ್ದರೆ ದಯವಿಟ್ಟು ತಿಳಿಸಿ.